ವಿಸ್ತರಿಸಿ ಬರೆಯಿರಿ, ಆದರೆ ಹೇಗೆ?

"ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಕರ್ನಾಟಕದಲ್ಲಿ ಹತ್ತನೇ ತರಗತಿ ಮುಗಿಸಿದ ಯಾರನ್ನೇ ಕೇಳಿ, ಈ ಎರಡು ವಾಕ್ಯ ತಡವರಿಸದೆ ಬರುತ್ತವೆ. ಪರೀಕ್ಷೆಯಲ್ಲಿ ವಿಸ್ತರಿಸಲು ಕೊಟ್ಟ ಗಾದೆ 'ಕೈ ಕೆಸರಾದರೆ ಬಾಯಿ ಮೊಸರು' ಇರಲಿ, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಇರಲಿ, ಆರಂಭ ಇದೇ. ಆಮೇಲೆ ಗಾದೆಯ ಅರ್ಥಕ್ಕೆ ಒಂದು ಸಾಲು, ಅದನ್ನೇ ತಿರುಗಿಸಿ ಹೇಳಲು ಎರಡು ಸಾಲು, ಕೊನೆಗೆ 'ಆದ್ದರಿಂದ ನಾವೆಲ್ಲರೂ' ಎಂದು ಶುರುವಾಗುವ ಉಪದೇಶ. ಅಂಕ ಬೀಳುತ್ತದೆ. ಬರೆಯುವುದು ಮಾತ್ರ ಬರುವುದಿಲ್ಲ, ಏಕೆಂದರೆ 'ವಿಸ್ತರಿಸಿ' ಎಂದು ಅಪ್ಪಣೆ ಕೊಟ್ಟವರು ವಿಸ್ತರಿಸುವುದು ಹೇಗೆಂದು ಎಲ್ಲೂ ಹೇಳಿಕೊಟ್ಟಿರುವುದಿಲ್ಲ.

ನಾನಿರುವ ಅಮೆರಿಕದ ಶಾಲೆಗಳ ಕಾಯಿಲೆ ಬೇರೆ ಥರದ್ದು. ಇಲ್ಲಿ ಐದು ಪ್ಯಾರಾ ಪ್ರಬಂಧವೇ ದೇವರು. ಮೊದಲ ಪ್ಯಾರಾದ ಕೊನೆಗೆ ನಿನ್ನ ನಿಲುವನ್ನು ಒಂದು ವಾಕ್ಯದಲ್ಲಿ ಹೇಳು, ಮೂರು ಪ್ಯಾರಾಗಳಲ್ಲಿ ಮೂರು ಕಾರಣ ಕೊಡು, ಐದನೆಯದರಲ್ಲಿ ಮೊದಲು ಹೇಳಿದ್ದನ್ನೇ ಮತ್ತೆ ಹೇಳು. ಅಚ್ಚುಕಟ್ಟು ಏನೋ ಇದೆ. ಆದರೆ ಒಂಬತ್ತು ವರ್ಷದ ಮಗುವನ್ನು ಕೂರಿಸಿಕೊಂಡು ಮೊದಲ ದಿನವೇ 'ನಿನ್ನ ಅಭಿಪ್ರಾಯವೇನು' ಎಂದು ಕೇಳುವ ಪದ್ಧತಿ ಇದು. ಮಗುವಿನ ಹತ್ತಿರ ಅಭಿಪ್ರಾಯಕ್ಕೆ ಬೇಕಾದ ಸರಕು ಇರುವುದಿಲ್ಲ. ಹಾಗಾಗಿ ಮೂರು ಕಾರಣಗಳಲ್ಲಿ ಎರಡನೆಯದು ಮೊದಲನೆಯದರ ನೆರಳಾಗಿರುತ್ತದೆ, ಮೂರನೆಯದು ಲೆಕ್ಕ ತುಂಬಿಸಲು ಬಂದಿರುತ್ತದೆ.

ಇವೆರಡರ ಪಕ್ಕದಲ್ಲಿ ಇಲ್ಲಿ ಮೂರನೆಯದೊಂದು ದಾರಿ ಚಾಲ್ತಿಯಲ್ಲಿದೆ. ಕ್ಲಾಸಿಕಲ್ ಶಾಲೆಗಳೆಂದು ಕರೆದುಕೊಳ್ಳುವ ಕಡೆಗಳಲ್ಲಿ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ಕುಟುಂಬಗಳಲ್ಲಿ, ಪ್ರೊಜಿಮ್ನಾಸ್ಮಟ ಎಂಬ ಹಳೆಯ ಗ್ರೀಕ್ ಪೂರ್ವಾಭ್ಯಾಸಗಳಿಂದ ಬರವಣಿಗೆ ಕಲಿಸುತ್ತಾರೆ. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಗ್ರೀಕ್ ಬಲ್ಲ ಹುಡುಗರು ನ್ಯಾಯಸ್ಥಾನದಲ್ಲೂ ಸಭೆಯಲ್ಲೂ ಮಾತಾಡುವ ಮೊದಲು ಇವನ್ನು ದಾಟಬೇಕಿತ್ತು. ಅಲೆಕ್ಸಾಂಡ್ರಿಯದ ಥಿಯೋನನ ಕೈಪಿಡಿ ಸಿಕ್ಕವುಗಳಲ್ಲಿ ಬಹುಶಃ ಎಲ್ಲಕ್ಕಿಂತ ಹಳೆಯದು. ಜಗತ್ತು ಬಳಸಿದ್ದು ಮಾತ್ರ 4ನೇ ಶತಮಾನದ ಕೊನೆಯ ಭಾಗದ ಆಂಟಿಯೋಕಿನ ಅಫ್ತೋನಿಯಸನದನ್ನು. ಅವನು ಆ ಕಾಲದ ದೊಡ್ಡ ಮೇಷ್ಟ್ರು ಲಿಬಾನಿಯಸನ ಶಿಷ್ಯ. ಅಫ್ತೋನಿಯಸ್ ಗೆದ್ದದ್ದು ಒಂದೇ ಕಾರಣಕ್ಕೆ: ಪ್ರತಿ ಅಭ್ಯಾಸಕ್ಕೂ ಚಿಕ್ಕ ವಿವರಣೆ ಕೊಟ್ಟು, ಕೆಳಗೆ ತಾನೇ ಒಂದು ಮಾದರಿ ಬರೆದಿಟ್ಟ. ಬೈಜಾಂಟಿಯಮ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ, ಅವನನ್ನು ಉಳಿಸಿಕೊಂಡಿತು, 16ನೇ ಶತಮಾನದ ಯುರೋಪು ಲ್ಯಾಟಿನ್‌ಗೆ ತಂದು ಶಾಲೆ ಶಾಲೆಗೆ ಹಂಚಿತು, 1563ರಲ್ಲಿ ಇಂಗ್ಲಿಷಿಗೂ ಅವನ ಜಾಡಿನಲ್ಲೇ ಒಂದು ಕೈಪಿಡಿ ಬಂತು.

ಅವನಲ್ಲಿರುವ ಅಭ್ಯಾಸಗಳು 14. ನೀತಿಕಥೆ, ನಿರೂಪಣೆ, ಖ್ರೆಯಾ ಅಂದರೆ ಹೆಸರಾಂತ ವ್ಯಕ್ತಿಯೊಬ್ಬನ ಮಾತು ಅಥವಾ ನಡೆಯ ವಿಸ್ತರಣೆ, ಸೂಕ್ತಿಯ ವಿಸ್ತರಣೆ, ಖಂಡನೆ, ಮಂಡನೆ, ಸಾಮಾನ್ಯ ದುರ್ಗುಣದ ಮೇಲಿನ ಆಕ್ಷೇಪ, ಪ್ರಶಂಸೆ, ನಿಂದೆ, ಹೋಲಿಕೆ, ಪಾತ್ರವಾಗಿ ಮಾತಾಡುವುದು, ವರ್ಣನೆ, ವಾದ, ಕಾನೂನಿನ ಚರ್ಚೆ. ಗಮನಿಸಿ, ಅಮೆರಿಕದ ಶಾಲೆ ಮೊದಲ ದಿನ ಕೇಳುವ 'ನಿನ್ನ ನಿಲುವೇನು' ಇಲ್ಲಿ ಹದಿಮೂರನೆಯದು. ಮೊದಲ ಹನ್ನೆರಡರಲ್ಲಿ ವಿಷಯ ಮೇಷ್ಟ್ರದ್ದು, ಕೆಲಸ ಮಾತ್ರ ಮಗುವಿನದು, ಅದೂ ಒಂದು ಸಲಕ್ಕೆ ಒಂದೇ ಕೆಲಸ.

ಇದನ್ನು ನೋಡನೋಡುತ್ತ ನನಗೆ ಗಟ್ಟಿಯಾದ ಅನಿಸಿಕೆ ಏನೆಂದರೆ, ಈ ಪದ್ಧತಿ ಇಂಗ್ಲಿಷಿಗಿಂತ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಇದಕ್ಕೆ ಬೇಕಾದ ಸಾಮಾನೆಲ್ಲ ನಮ್ಮಲ್ಲಿ ಮೊದಲೇ ಇದೆ. ಇಲ್ಲದ್ದು ಮೆಟ್ಟಿಲು. ಹಾಗೆಂದು ಗ್ರೀಕರದ್ದೆಲ್ಲ ಚಿನ್ನವಲ್ಲ, ತರಬಾರದ್ದೂ ಕೆಲವಿವೆ.

ನೀತಿಕಥೆಯಿಂದ ಶುರುಮಾಡೋಣ. ಅಫ್ತೋನಿಯಸನ ಮಾದರಿ ಇರುವೆ ಮತ್ತು ಜೀರುಂಡೆಯ ಕಥೆ, ಕೆಲವೇ ವಾಕ್ಯ. ನಮಗೆ ಕಥೆಗೆ ಬರವಿಲ್ಲ, 11ನೇ ಶತಮಾನದ ದುರ್ಗಸಿಂಹನಿಂದಲೂ ಪಂಚತಂತ್ರ ಕನ್ನಡದಲ್ಲಿದೆ. ಸುಮಾರು 120 ಪದಗಳ ಒಂದು ಕಥೆ ಆರಿಸಿ. ಮೇಷ್ಟ್ರು ಎರಡು ಸಲ ಓದಬೇಕು, ಮಗು ಒಂದು ಸಲ ಬಾಯಲ್ಲಿ ಹೇಳಬೇಕು, ಆಮೇಲೆ ಪುಸ್ತಕ ಮುಚ್ಚಿ ಬರೆಯಬೇಕು. ಎರಡನೇ ವಾರ ಅದೇ ಕಥೆ 40 ಪದಗಳಲ್ಲಿ. ಮೂರನೇ ವಾರ 250 ಪದಗಳಲ್ಲಿ. ನಾಲ್ಕನೇ ವಾರ ನಡುವಿನಿಂದ ಶುರುಮಾಡಿ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬರಬೇಕು. ಇದನ್ನು ಥಿಯೋನನೇ ಹೇಳುತ್ತಾನೆ. ಕುಗ್ಗಿಸು ಎಂದರೆ ಮಕ್ಕಳು ಕಥೆಯ ಬಾಲ ಕತ್ತರಿಸುತ್ತಾರೆ, ಹಿಗ್ಗಿಸು ಎಂದರೆ ಹೊಸ ಪ್ರಾಣಿಯನ್ನು ತರುತ್ತಾರೆ. ಎರಡಕ್ಕೂ ಮದ್ದು ಒಂದೇ. ಬರೆಯುವ ಮೊದಲು ಕಥೆಯ ಐದಾರು ಘಟನೆಗಳನ್ನು ಹಾಳೆಯ ಬದಿಯಲ್ಲಿ ಗುರುತು ಹಾಕಿಸಿ. 40 ಪದಗಳಲ್ಲೂ ಅವಷ್ಟೂ ಇರಬೇಕು, 250ರಲ್ಲೂ ಅವಷ್ಟೇ ಇರಬೇಕು. ಹಿಗ್ಗುವುದು ಮಾತಿನಿಂದ, ಜಾಗದಿಂದ, ಹಾವಭಾವದಿಂದ. ನಡುವಿನಿಂದ ಶುರುಮಾಡುವ ವಾರದಲ್ಲಿ ಇನ್ನೊಂದು ತೊಡಕು ತಲೆ ಎತ್ತುತ್ತದೆ. ಹಿಂದೆ ಆದದ್ದನ್ನು ಹೇಳಲು 'ಬಂದಿತ್ತು', 'ಕೂಡಿಟ್ಟಿತ್ತು' ಬೇಕು; ಹೊರನಾಡಿನ ಮಕ್ಕಳಿಗೆ 'ಬಂತು', 'ಇಟ್ಟಿತು' ಅಷ್ಟೇ ಗೊತ್ತು. ವ್ಯಾಕರಣದ ಪಾಠವನ್ನು ಬೇರೆ ಮಾಡಬೇಕಿಲ್ಲ, ಈ ವಾರ ಅದು ತಾನಾಗಿ ಮೇಜಿನ ಮೇಲೆ ಬಂದು ಕೂರುತ್ತದೆ.

ನಿರೂಪಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾರು, ಏನು, ಯಾವಾಗ, ಎಲ್ಲಿ, ಹೇಗೆ, ಯಾಕೆ ಎಂಬ ಆರು ಅಂಗ. ಮಕ್ಕಳ ಬರಹದಲ್ಲಿ ಮೊದಲ ನಾಲ್ಕು ಸಿಗುತ್ತವೆ, ಕೊನೆಯ ಎರಡು ಕಾಣೆಯಾಗಿರುತ್ತವೆ. ಅವೆರಡನ್ನು ಮಾತ್ರ ತಿದ್ದಿದರೆ ಸಾಕು.

ಗಾದೆ ವಿಸ್ತರಣೆಗೆ ನೇರ ಸಂಬಂಧ ಇರುವುದು ಮೂರನೆಯದಕ್ಕೂ ನಾಲ್ಕನೆಯದಕ್ಕೂ. ಖ್ರೆಯಾದಲ್ಲಿ ಮೂರು ಬಗೆ. ಬರೀ ಮಾತಿನದು ಒಂದು. ಬರೀ ನಡೆಯದು ಇನ್ನೊಂದು: ಮನುಷ್ಯನ ಆಯಸ್ಸು ಎಷ್ಟು ಎಂದು ಕೇಳಿದಾಗ ಪೈಥಾಗೊರಸ್ ಒಂದು ಕ್ಷಣ ಕಾಣಿಸಿಕೊಂಡು ಮರೆಯಾದನಂತೆ. ಎರಡೂ ಕೂಡಿದ್ದು ಮೂರನೆಯದು: ಪುಂಡಾಟ ಮಾಡುವ ಹುಡುಗನನ್ನು ಕಂಡ ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್ ಅವನನ್ನು ನೋಡಿಕೊಳ್ಳುವ ಮೇಷ್ಟ್ರಿಗೆ ಬಾರಿಸಿ, ಇದನ್ನೇಕೆ ಕಲಿಸುತ್ತೀಯ ಎಂದನಂತೆ. ಅಫ್ತೋನಿಯಸ್ ಪೂರ್ತಿ ಬೆಳೆಸಿ ತೋರಿಸಿದ್ದು ಭಾಷಣಕಲೆ ಕಲಿಸುತ್ತಿದ್ದ ಗ್ರೀಕ್ ಗುರು ಐಸಾಕ್ರಟೀಸನ ಹೆಸರಲ್ಲಿರುವ ಮಾತನ್ನು: ವಿದ್ಯೆಯ ಬೇರು ಕಹಿ, ಹಣ್ಣು ಸಿಹಿ. ನಮ್ಮ ಕೈ ಕೆಸರಿನ ಗಾದೆಗೆ ಹತ್ತಿರದ ನೆಂಟ.

ಬೆಳೆಸುವುದಕ್ಕೆ ಎಂಟು ಅಂಗ: ಹೇಳಿದವನ ಮೆಚ್ಚುಗೆ, ಮಾತನ್ನು ಸ್ವಂತ ಪದಗಳಲ್ಲಿ ಹೇಳುವುದು, ಕಾರಣ, ವಿರುದ್ಧ, ಸಾದೃಶ್ಯ, ದೃಷ್ಟಾಂತ, ಹಿರಿಯರ ಸಾಕ್ಷ್ಯ, ಕಿರು ಮುಕ್ತಾಯ. ಇವನ್ನು ಕನ್ನಡದ ಒಂದು ಮಾತಿನ ಮೇಲೆ ನಡೆಸಿ ನೋಡೋಣ. ತಾನು ಸರ್ವಜ್ಞನಾದದ್ದು ಗರ್ವದಿಂದಲ್ಲ, ಸರ್ವರಲ್ಲಿ ಒಂದೊಂದು ನುಡಿ ಕಲಿತು ವಿದ್ಯೆಯ ಪರ್ವತವಾದೆ ಎನ್ನುವ ಸರ್ವಜ್ಞನ ತ್ರಿಪದಿ ಎಲ್ಲರಿಗೂ ಗೊತ್ತು.

ಮೆಚ್ಚುಗೆಗೆ ಎರಡು ವಾಕ್ಯ. ಇಲ್ಲಿ ಕವಿಚರಿತೆ ಬೇಡ. ಈ ಒಂದು ಮಾತು ಆಡಲು ಇವನಿಗೇ ಯೋಗ್ಯತೆ ಏಕೆ ಎಂಬುದಷ್ಟೇ ಬೇಕು. ಊಟ, ಬೇಸಾಯ, ಕಸುಬು, ನೆಂಟಸ್ತಿಕೆ, ಯಾವುದನ್ನೂ ಬಿಡದೆ ಪದ್ಯ ಕಟ್ಟಿದವನು ಎಲ್ಲರ ಬಾಗಿಲಲ್ಲೂ ನಿಂತು ಕೇಳಿರಬೇಕಲ್ಲವೇ? ಇಷ್ಟು ಸಾಕು. ಸ್ವಂತ ಪದಗಳಲ್ಲಿ ಹೇಳುವುದಕ್ಕೆ ಒಂದು ವಾಕ್ಯ. ಮೂಲದ 'ಗರ್ವ', 'ನುಡಿ', 'ಪರ್ವತ' ಮೂರೂ ಅದರಲ್ಲಿ ಬರಕೂಡದೆಂದು ಕಟ್ಟುಮಾಡಿ, ಇಲ್ಲದಿದ್ದರೆ ಮಗು ನಕಲು ಮಾಡುತ್ತದೆ. ಕಾರಣಕ್ಕೆ ಮೂರು ವಾಕ್ಯ: ಕುಂಬಾರನಿಗೆ ಗೊತ್ತಿರುವ ಮಣ್ಣಿನ ಗುಣ ರೈತನಿಗೆ ಬೇಡ, ರೈತ ಬಲ್ಲ ಮಣ್ಣು ಕುಂಬಾರನಿಗೆ ಒದಗದು, ಇಬ್ಬರನ್ನೂ ಕೇಳಿದವನಿಗೆ ಮಾತ್ರ ಎರಡೂ ದಕ್ಕುತ್ತದೆ.

ನಾಲ್ಕನೆಯದು ವಿರುದ್ಧ. ಹತ್ತರಲ್ಲಿ ಎಂಟು ಮಕ್ಕಳು ಮುಗ್ಗರಿಸುವುದು ಇಲ್ಲೇ ಎಂದರೆ ಉತ್ಪ್ರೇಕ್ಷೆ ಅಲ್ಲ. 'ಎಲ್ಲರಿಂದ ಕಲಿಯದಿದ್ದರೆ ವಿದ್ಯೆ ಬರುವುದಿಲ್ಲ' ಎಂದು ಬರೆಯುತ್ತಾರೆ. ಅದು ಮೂಲ ವಾಕ್ಯಕ್ಕೆ 'ಇಲ್ಲ' ಅಂಟಿಸಿದ್ದು ಅಷ್ಟೇ. ವಿರುದ್ಧವೆಂದರೆ ಉಲ್ಟಾ ನಡೆದ ಒಬ್ಬ ಮನುಷ್ಯ ಬೇಕು, ಅವನಿಗೆ ಆದದ್ದು ಬೇಕು: ದೊಡ್ಡವರನ್ನು ಬಿಟ್ಟು ಬೇರೆಯವರ ಮಾತಿಗೆ ಕಿವಿ ಕೊಡದ ಎಂಜಿನಿಯರು ಕೆರೆ ಕಟ್ಟುತ್ತಾನೆ, ಮಳೆ ನೀರು ಯಾವ ಕಡೆಯಿಂದ ನುಗ್ಗುತ್ತದೆಂದು ಅಲ್ಲಿ ದನ ಕಾಯುವವನನ್ನು ಕೇಳದೆ ಹೋಗುತ್ತಾನೆ. ಇಂಥದ್ದು ಬಂದರೆ ಅಂಕ, ಬರೀ ನಿಷೇಧ ಬಂದರೆ ವಾಪಸ್.

ಸಾದೃಶ್ಯ ಮನುಷ್ಯಲೋಕದ ಹೊರಗಿನದಾದರೆ ಚೆನ್ನ. ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಸೇರಿಸಿಕೊಳ್ಳುತ್ತ ಹೋದದ್ದರಿಂದಲೇ ಕಾವೇರಿ ಕಾವೇರಿಯಾದದ್ದು ಎಂದು ಮಗು ಬರೆಯಲಿ. ನದಿಯ ಹೆಸರು ಬರೆಯಿಸಿ. 'ಹಲವು ಹಳ್ಳಗಳು ಸೇರಿ ನದಿಯಾಗುವಂತೆ' ಎಂದರೆ ಎಲ್ಲರ ಹಾಳೆಯೂ ಒಂದೇ ಆಗುತ್ತದೆ. ದೃಷ್ಟಾಂತಕ್ಕೆ ನಿಜವಾದ ವ್ಯಕ್ತಿ ಬೇಕು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಅಕ್ಷರ ಕಲಿಯದ ಹಾಡುಗಾರರ ಬಾಯಿಂದ ಪದಗಳನ್ನು ಕೂಡಿಸಿದರು, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಸಾಕ್ಷ್ಯಕ್ಕೆ 'ಎನಗಿಂತ ಕಿರಿಯರಿಲ್ಲ' ಎಂಬ ಬಸವಣ್ಣನ ಮಾತು. ದೃಷ್ಟಾಂತಕ್ಕೂ ಸಾಕ್ಷ್ಯಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ಸುಲಭದ ಗುರುತು: ಮೊದಲನೆಯದು ಒಬ್ಬರು ಮಾಡಿದ್ದು, ಎರಡನೆಯದು ಒಬ್ಬರು ಹೇಳಿದ್ದು. ಮುಕ್ತಾಯಕ್ಕೆ ಒಂದು ವಾಕ್ಯ, ಅದರಲ್ಲಿ 'ನಾವೆಲ್ಲರೂ' ಇರಕೂಡದು.

ಒಟ್ಟು ಹದಿನೈದು ಹದಿನಾರು ವಾಕ್ಯ. ಪರೀಕ್ಷೆಯ ಉತ್ತರಕ್ಕಿಂತ ಎರಡು ಪಟ್ಟು ಇರಬಹುದು, ಆದರೆ ಒಂದು ವಾಕ್ಯವೂ ಇನ್ನೊಂದು ಗಾದೆಗೆ ಒಯ್ಯಲು ಬರುವುದಿಲ್ಲ. ಬರಹ ತೂಗುವುದಕ್ಕೆ ಇದೇ ನನ್ನ ತಕ್ಕಡಿ. ಮಗುವಿನ ಉತ್ತರದಿಂದ ಗಾದೆಯನ್ನು ಅಳಿಸಿ ಬೇರೊಂದು ಗಾದೆ ಬರೆದು ನೋಡಿ; ಪ್ಯಾರಾ ಆಗಲೂ ನಿಂತರೆ ಅಲ್ಲಿ ಬರವಣಿಗೆ ನಡೆದೇ ಇಲ್ಲ.

ಎಂಟು ಅಂಗಗಳನ್ನು ಒಂದೇ ವಾರಕ್ಕೆ ತುರುಕುವುದು ಇಲ್ಲಿನ ಕೆಲವು ಶಾಲೆಗಳು ಮಾಡುವ ತಪ್ಪು. ಮಕ್ಕಳು ಖಾಲಿ ಜಾಗ ತುಂಬುವ ಅರ್ಜಿಯಂತೆ ಬರೆದು ಕೊಡುತ್ತಾರೆ, ಮತ್ತೆ ಅದೇ ಅಚ್ಚು ಬಂದು ನಿಲ್ಲುತ್ತದೆ. ಮೊದಲ ಎರಡು ವಾರ ಕಾರಣ ಮತ್ತು ವಿರುದ್ಧ ಮಾತ್ರ, ಅದೂ ನಾಲ್ಕೈದು ಬೇರೆ ಬೇರೆ ಮಾತುಗಳ ಮೇಲೆ, ಬಾಯಲ್ಲಿ. ಆಮೇಲೆ ಸಾದೃಶ್ಯ, ದೃಷ್ಟಾಂತ. ಪೂರ್ತಿ ಎಂಟನ್ನು ಬರೆಯಿಸುವುದು ಆರನೇ ವಾರಕ್ಕೆ. ಅಂಗಗಳ ಹೆಸರನ್ನು ಕರಡು ಹಾಳೆಯ ಅಂಚಿನಲ್ಲಿ ಬರೆಯಲಿ; ಕೊನೆಯ ಪ್ರತಿಯಲ್ಲಿ ಅವು ಕಾಣಿಸಿದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ.

ಖ್ರೆಯಾದ ಜೊತೆ ಥಿಯೋನನಲ್ಲಿ ಇನ್ನೊಂದು ಅಭ್ಯಾಸವಿದೆ. ಅಮೆರಿಕದಲ್ಲಿ ಇದನ್ನು ಮಾಡಿಸುವವರನ್ನು ನಾನು ಕಂಡಿಲ್ಲ, ಇಂಗ್ಲಿಷಿನಲ್ಲಿ ಮಾಡಿಸಲು ಬರುವುದೂ ಇಲ್ಲ. ಮಾತು ಹೇಳಿದವನ ಹೆಸರನ್ನು ಎಲ್ಲ ವಿಭಕ್ತಿಗಳಲ್ಲೂ ನಡೆಸಿ, ಪ್ರತಿ ಸಲ ಇಡೀ ವಾಕ್ಯವನ್ನು ಹೊಸದಾಗಿ ಕಟ್ಟುವುದು ಅದು. ಈಜಿಪ್ಟಿನಲ್ಲಿ ಮಕ್ಕಳ ಹಲಗೆಯೊಂದರಲ್ಲಿ ಪೈಥಾಗೊರಸನ ಹೆಸರಿನ ಮೇಲೆ ಇದೇ ಅಭ್ಯಾಸ ಸಿಕ್ಕಿದೆ. ಇಂಗ್ಲಿಷಿನ ನಾಮಪದಕ್ಕೆ ವಿಭಕ್ತಿಯ ಬಾಲವೇ ಇಲ್ಲದಷ್ಟು ಸವೆದು ಹೋಗಿರುವುದರಿಂದ ಅಲ್ಲಿ ಇದು ಕೈಬಿಟ್ಟು ಹೋಯಿತು. ಕನ್ನಡಕ್ಕೆ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ನಾವು ಉರು ಹೊಡೆದದ್ದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಸರ್ವಜ್ಞನು ಎಲ್ಲರಿಂದ ಕಲಿತೆ ಎಂದನು. ಸರ್ವಜ್ಞನನ್ನು ಬೆಳೆಸಿದ್ದು ಎಲ್ಲರ ಮಾತು. ಸರ್ವಜ್ಞನಿಂದ ನಾವು ಕೇಳಿದ್ದು, ಕಲಿಕೆಗೆ ಒಬ್ಬ ಗುರು ಸಾಲದೆಂದು. ಸರ್ವಜ್ಞನಿಗೆ ಎಲ್ಲರೂ ಗುರುಗಳಾಗಿ ಕಂಡರು. ಸರ್ವಜ್ಞನ ವಿದ್ಯೆಯಲ್ಲಿ ಊರಿನವರೆಲ್ಲರ ಪಾಲಿದೆ. ಸರ್ವಜ್ಞನಲ್ಲಿ ಕೂಡಿದ್ದು ಎಲ್ಲರ ತಿಳಿವಳಿಕೆ. ಸರ್ವಜ್ಞನೇ, ಎಲ್ಲರಲ್ಲೂ ಗುರುವನ್ನು ಕಂಡವನು ನೀನು. ಪ್ರತ್ಯಯ ಬದಲಾದೊಡನೆ ಕ್ರಿಯಾಪದ ಬದಲಾಗಬೇಕು, ಕರ್ತೃ ಜಾಗ ಬಿಡಬೇಕು, ವಾಕ್ಯದ ಒತ್ತು ಬೇರೆ ಕಡೆ ಹೋಗಬೇಕು. ಪಂಚಮಿಯನ್ನು ಬಿಡಿ, ಇವತ್ತು 'ದೆಸೆಯಿಂದ' ಎಂದು ಬರೆಯುವವರಿಲ್ಲ. ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಕ್ಕಳಲ್ಲಿ ಮೊದಲು ಸವೆಯುವುದು ಈ ಬಾಲಗಳೇ: 'ನಾನು ಹಸಿವು ಆಗಿದೆ' ಎನ್ನುತ್ತಾರೆ. ಅಂಥವರಿಗೆ ಹತ್ತು ನಿಮಿಷದ ಈ ಅಭ್ಯಾಸ ಕೋಷ್ಟಕ ಬರೆಯಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕರ್ನಾಟಕದ ಮಕ್ಕಳಿಗೆ ಇದರ ಲಾಭ ಇನ್ನೊಂದು. ಕರ್ತೃವಿನಿಂದಲೇ ಶುರುವಾಗುವ ಒಂದೇ ಅಳತೆಯ ವಾಕ್ಯಗಳ ಸಾಲು ಅವರ ಪ್ರಬಂಧಗಳಲ್ಲಿ ಒಡೆಯುತ್ತದೆ.

ಪದ್ಯದ ಸಾರಾಂಶದ ವಿಷಯದಲ್ಲೂ ಹಳಬರ ಮಾತು ಕೇಳಬೇಕು. ರೋಮಿನ ಹೆಸರಾಂತ ಮೇಷ್ಟ್ರು ಕ್ವಿಂಟಿಲಿಯನ್ 1ನೇ ಶತಮಾನದ ಕೊನೆಯಲ್ಲಿ ಇದಕ್ಕೆ ಮೂರು ಹಂತ ಹಾಕಿದ: ಮೊದಲು ಪದ್ಯವನ್ನು ಬಿಡಿಸಿ ಗದ್ಯದ ಅನ್ವಯಕ್ಕೆ ತರುವುದು, ಆಮೇಲೆ ಪದಗಳನ್ನು ಬದಲಿಸುವುದು, ಕೊನೆಗೆ ಕವಿಯ ಅಭಿಪ್ರಾಯ ಕೆಡದಂತೆ ಕುಗ್ಗಿಸಿಯೋ ಹಿಗ್ಗಿಸಿಯೋ ಸ್ವತಂತ್ರವಾಗಿ ಹೇಳುವುದು. ನಮ್ಮಲ್ಲಿ ಮೂರನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿ ಗೈಡು ಕೊಳ್ಳಲು ಅಂಗಡಿಗೆ ಕಳಿಸುತ್ತೇವೆ.

ಖಂಡನೆ, ಮಂಡನೆ ಎರಡೂ ಜೋಡಿ. ಅಫ್ತೋನಿಯಸ್ ಅಪೊಲೊ ದೇವರಿಂದ ತಪ್ಪಿಸಿಕೊಳ್ಳಲು ಮರವಾದ ಡಾಫ್ನೆಯ ಕಥೆಯನ್ನು ಮೊದಲು ಕೆಡವಿ, ಮುಂದಿನ ಅಭ್ಯಾಸದಲ್ಲಿ ಅದನ್ನೇ ಎತ್ತಿ ನಿಲ್ಲಿಸುತ್ತಾನೆ. ಕೆಡವಲು ಆರು ಕೋನ: ಅಸ್ಪಷ್ಟ, ನಂಬಲಾಗದ್ದು, ಅಸಾಧ್ಯ, ಅಸಂಗತ, ಅನುಚಿತ, ನಿಷ್ಪ್ರಯೋಜಕ. ನಿಲ್ಲಿಸಲು ಅವುಗಳ ಉಲ್ಟಾ. ವಿಷಯದ ಆಯ್ಕೆಗೆ ಅವನು ಒಂದು ಕಟ್ಟಳೆ ಇಡುತ್ತಾನೆ. ತೀರಾ ಸ್ಪಷ್ಟವಾದದ್ದೂ ಬೇಡ, ತೀರಾ ಅಸಾಧ್ಯವಾದದ್ದೂ ಬೇಡ, ನಡುವಿನದು ಇರಲಿ. ಪುಣ್ಯಕೋಟಿಯ ಕಥೆಯನ್ನು ಕೊಟ್ಟರೆ ಜಾಣ ಮಗು 'ಹುಲಿ ಮಾತಾಡುವುದಿಲ್ಲ' ಎಂದು ಒಂದೇ ವಾಕ್ಯದಲ್ಲಿ ಆಟ ಮುಗಿಸುತ್ತದೆ. ಚಿತ್ರದುರ್ಗದ ಒನಕೆ ಓಬವ್ವನ ಪ್ರಸಂಗ ಕೊಡಿ. ಹಿಂದೆ ಬರುವ ಸೈನಿಕರಿಗೆ ಮುಂದೆ ಹೋದವನ ಸದ್ದು ಕೇಳಿಸಲಿಲ್ಲವೇ? ಒಬ್ಬೊಬ್ಬರಾಗಿ ಬಿದ್ದ ಹೆಣಗಳನ್ನು ಅಷ್ಟು ಬೇಗ ಸರಿಸಿದ್ದು ಹೇಗೆ? ಇದು ಖಂಡನೆ. ಕಿಂಡಿ ಒಬ್ಬನೇ ಬಗ್ಗಿ ನುಸುಳುವಷ್ಟು, ತಲೆ ಮೊದಲು ಹೊರಗೆ ಬರಬೇಕು, ಕೈ ಎತ್ತಲು ಜಾಗವಿಲ್ಲ, ಗುಟ್ಟಾಗಿ ನುಗ್ಗುವವರು ಸದ್ದು ಮಾಡುವುದೂ ಇಲ್ಲ, ಮುಂದಿನವನ ಗತಿ ಏನಾಯಿತೆಂದು ಕೂಗಿ ಕೇಳುವುದೂ ಇಲ್ಲ. ಇದು ಮಂಡನೆ. ಓಬವ್ವನನ್ನು ಪ್ರಶ್ನಿಸಬಹುದೇ ಎಂದು ಯಾರಾದರೂ ಕೆರಳಿದರೆ ಎರಡನೇ ಹಾಳೆಯನ್ನೂ ಓದಲು ಹೇಳಿ. ಒಂದೇ ಮಗು ಎರಡನ್ನೂ ಬರೆಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತರಗತಿಯನ್ನು ಎರಡು ಗುಂಪು ಮಾಡಿ ಪರ ವಿರೋಧ ಹಂಚಿದರೆ ಚರ್ಚಾಸ್ಪರ್ಧೆಯಾಗುತ್ತದೆ, ಗೆಲ್ಲುವ ಹಠ ಹುಟ್ಟುತ್ತದೆ, ಅಭ್ಯಾಸ ಕೆಡುತ್ತದೆ.

ತರಬಾರದ್ದು ಇವೆ ಎಂದೆನಲ್ಲ. ಏಳನೆಯ ಅಭ್ಯಾಸ ಅಂಥದ್ದು. ತಪ್ಪು ಸಾಬೀತಾದ ದುಷ್ಟನ ಮೇಲೆ ಕೇಳುಗರನ್ನು ಕೆರಳಿಸುವುದು ಅದರ ಕೆಲಸ, ಅದರಲ್ಲಿ 'ಕನಿಕರವನ್ನು ತಳ್ಳಿಹಾಕುವುದು' ಎಂಬ ಅಂಗವೇ ಇದೆ. ರೋಮಿನ ಕೋರ್ಟಿಗೆ ಬೇಕಿತ್ತೇನೋ. ಹನ್ನೆರಡು ವರ್ಷದವರಿಗೆ ಇದನ್ನು ಕಲಿಸುವ ಅಗತ್ಯ ಕಾಣೆ, ಮೊಬೈಲು ಅದನ್ನು ಪುಕ್ಕಟೆ ಕಲಿಸುತ್ತಿದೆ. ನಿಂದೆಯನ್ನೂ ಬದುಕಿರುವವರ ಮೇಲೆ ಬರೆಯಿಸಬೇಡಿ, ಮೂರನೇ ಹಾಳೆಗೆ ಅದು ಪಕ್ಕದ ಬೆಂಚಿನವನ ಮೇಲೆ ತಿರುಗುತ್ತದೆ. ಸೋಮಾರಿತನ, ಚಾಡಿ ಇಂಥ ದುರ್ಗುಣಗಳನ್ನು ಕೊಟ್ಟರೆ ಸಾಕು.

ಪ್ರಶಂಸೆಯಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವಿದೆ. ಗ್ರೀಕ್ ಕ್ರಮದಲ್ಲಿ ಮೊದಲು ವಂಶ: ಜನಾಂಗ, ನಾಡು, ಪೂರ್ವಿಕರು, ತಂದೆತಾಯಿ. ಆಮೇಲೆ ಬೆಳವಣಿಗೆ, ಆಮೇಲೆ ಮನಸ್ಸು, ದೇಹ, ಅದೃಷ್ಟಗಳ ಪ್ರಕಾರ ಸಾಧನೆ, ಕೊನೆಗೆ ಹೋಲಿಕೆ. ಮೊದಲ ಅಂಗವನ್ನು ಹಾಗೇ ಕನ್ನಡಕ್ಕೆ ತಂದರೆ ಅದು ಜಾತಿಯ ಅಂಗವಾಗಿ ಕೂರುತ್ತದೆ. ಅದನ್ನು ಊರು, ಕಾಲ, ಮನೆಯ ಕಸುಬು ಎಂದು ಬದಲಿಸಿಕೊಳ್ಳುವುದು ಮೇಲು; ಬಡ ಮನೆಯಿಂದ ಬಂದು ದೊಡ್ಡವರಾದದ್ದು ಹೆಚ್ಚಿನ ಮೆಚ್ಚುಗೆಗೆ ಅರ್ಹವೆಂದು ಥಿಯೋನನೇ ಹೇಳಿದ್ದಾನೆ. ಉಳಿದದ್ದು ನಮ್ಮ ಕವಿಪರಿಚಯಕ್ಕಿಂತ ಎಷ್ಟೋ ಒಳ್ಳೆಯದು. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಿರಿ ಎಂದರೆ ಮುದ್ದೇನಹಳ್ಳಿಯಲ್ಲಿ ಹುಟ್ಟು, 1912ರಿಂದ 1918ರವರೆಗೆ ದಿವಾನಗಿರಿ, ಭಾರತರತ್ನ ಎಂದು ಪಟ್ಟಿ ಬರುತ್ತದೆ. ಗ್ರೀಕ್ ಕ್ರಮ ಪ್ರತಿ ಸಾಧನೆಗೂ ಒಂದು ಗುಣ ಹುಡುಕಲು ಕೇಳುತ್ತದೆ. ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಯಾವ ಗುಣದ ಫಲ? ಕಟ್ಟೆಯನ್ನು ಎತ್ತರಿಸದೆ, ಇರುವ ಕಟ್ಟಡದಲ್ಲೇ ಹೆಚ್ಚು ನೀರು ನಿಲ್ಲಿಸುವ ಮಿತವ್ಯಯದ ಬುದ್ಧಿಯದು. ಹೀಗೆ ಒಂದು ವಾಕ್ಯ ಬರೆಯಲು ಮಗು ಬಾಗಿಲು ಹೇಗೆ ಕೆಲಸ ಮಾಡುತ್ತದೆಂದು ಓದಲೇಬೇಕು.

ಹೋಲಿಕೆಗೆ ಅಫ್ತೋನಿಯಸನ ಎಚ್ಚರಿಕೆ ಒಂದೇ: ಇಡಿಯ ಪಕ್ಕ ಇಡಿಯನ್ನು ಇಡಬೇಡ, ಅಂಗದ ಪಕ್ಕ ಅಂಗವನ್ನು ಇಡು. ಕರ್ಣನ ಬಗ್ಗೆ ಒಂದು ಪುಟ, ಅರ್ಜುನನ ಬಗ್ಗೆ ಒಂದು ಪುಟ ಬರೆದರೆ ಹೋಲಿಕೆ ಆಗಲಿಲ್ಲ, ಎರಡು ಪ್ರಶಂಸೆ ಆಯಿತು.

ಪಾತ್ರವಾಗಿ ಮಾತಾಡುವ ಅಭ್ಯಾಸಕ್ಕೆ ಬಂದಾಗ ನಾವು ಯಾರ ಹತ್ತಿರವೂ ಕೇಳಿ ಪಡೆಯಬೇಕಿಲ್ಲ. ಮಕ್ಕಳೆಲ್ಲ ಸತ್ತು ಬಿದ್ದಾಗ ಗ್ರೀಕ್ ಪುರಾಣದ ತಾಯಿ ನಯೋಬಿ ಏನು ಹೇಳಿಯಾಳು ಎಂಬುದು ಅಫ್ತೋನಿಯಸನ ಮಾದರಿ. ಈಗಿನ ನೋವು, ಹಿಂದಿನ ಸುಖ, ಮುಂದಿನ ದಿನಗಳು, ಈ ಕ್ರಮದಲ್ಲಿ ಮಾತು ಸಾಗಬೇಕು. ಕರಾವಳಿಯ, ಮಲೆನಾಡಿನ ತಾಳಮದ್ದಳೆ ಇದನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾಡುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಪಾತ್ರದ ಬಾಯಲ್ಲಿ ಆ ಕ್ಷಣಕ್ಕೆ ಬೆಳೆಸುತ್ತಾನೆ, ಎದುರಿನವನು ಕೆಡವುತ್ತಾನೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಲ್ಲಿ ಪಾತ್ರದ ಮಾತೂ ಇದೆ, ಖಂಡನೆಯ ಆರು ಕೋನಗಳೂ ಇವೆ. ಗ್ರೀಕರದ್ದು ಪುಸ್ತಕದಲ್ಲಿ ಉಳಿಯಿತು, ನಮ್ಮದು ಇನ್ನೂ ದೇವಸ್ಥಾನದ ಜಗಲಿಯಲ್ಲಿ ನಡೆಯುತ್ತಿದೆ, ಆದರೂ ನಮ್ಮ ಕನ್ನಡ ತರಗತಿಗೆ ಅದು ಕಾಲಿಟ್ಟಿಲ್ಲ. ವಾರಕ್ಕೊಮ್ಮೆ ಒಂದೂವರೆ ಗಂಟೆ ಸಿಗುವ ಹೊರನಾಡಿನ ತರಗತಿಗೆ ಇದು ಹೇಳಿ ಮಾಡಿಸಿದಂತಿದೆ: ಹತ್ತು ನಿಮಿಷ ಪ್ರಸಂಗ, ಅರ್ಧ ಗಂಟೆ ಬಾಯಲ್ಲಿ ಅರ್ಥ, ನಲವತ್ತು ನಿಮಿಷ ಬರಹ, ಉಳಿದ ಹತ್ತರಲ್ಲಿ ಇಬ್ಬರದ್ದನ್ನು ಗಟ್ಟಿಯಾಗಿ ಓದುವುದು. ಮಕ್ಕಳು ಮಾಡುವ ತ‍ಪ್ಪು, ಪಾತ್ರದ ಬಾಯಲ್ಲಿ 'ನನಗೆ ತುಂಬಾ ದುಃಖವಾಗಿದೆ' ಎಂದು ವರದಿ ಹೇಳಿಸುವುದು. ಭಾವನೆಯ ಹೆಸರುಗಳನ್ನು ನಿಷೇಧಿಸಿ. ವಾಲಿ ತನ್ನ ಮಗ ಅಂಗದನ ಬಗ್ಗೆ ಒಂದು ಮಾತಾಡಲಿ, ದುಃಖ ಅಲ್ಲೇ ಇರುತ್ತದೆ.

ವರ್ಣನೆಗೂ ಇದೇ ಬಗೆಯ ನಿಷೇಧ ಬೇಕು. ಭವ್ಯ, ಅದ್ಭುತ, ಮನಮೋಹಕ, ರಮಣೀಯ, ಈ ನಾಲ್ಕು ಪದ ಬಳಸುವಂತಿಲ್ಲ. ವ್ಯಕ್ತಿಯನ್ನು ತಲೆಯಿಂದ ಪಾದಕ್ಕೆ ವರ್ಣಿಸು ಎಂಬುದು ಗ್ರೀಕ್ ಕ್ರಮ. ಶ್ರವಣಬೆಳಗೊಳದ ಗೊಮ್ಮಟನ ಚಿತ್ರ ಕೊಡಿ: ಗುಂಗುರು ಕೂದಲು, ಅರೆಮುಚ್ಚಿದ ಕಣ್ಣು, ಅಗಲದ ಭುಜ, ತೊಡೆಯಿಂದ ತೋಳಿಗೆ ಹತ್ತಿದ ಬಳ್ಳಿ, ಕಾಲ ಬಳಿ ಹುತ್ತ, ಹುತ್ತದಿಂದ ಹೊರಟ ಹಾವು. ಕ್ರಮ ತಪ್ಪಿ ಮೊದಲು ಹಾವಿಗೆ ಹೋದ ಮಗುವನ್ನು ತಡೆಯಬೇಡಿ, ಯಾಕೆ ಅಲ್ಲಿಂದ ಶುರುಮಾಡಿದೆ ಎಂದು ಕೇಳಿ. ಉತ್ತರವಿದ್ದರೆ ಅದೂ ಒಂದು ಕ್ರಮವೇ. ಎಳೆಯರ ಬರಹದಲ್ಲಿ ಉಕ್ಕಿ ಹರಿದರೂ ಪರವಾಗಿಲ್ಲ, ಬತ್ತಿರಬಾರದು ಎಂಬ ಅರ್ಥದ ಮಾತನ್ನು ಕ್ವಿಂಟಿಲಿಯನ್ ಮೇಷ್ಟ್ರುಗಳಿಗೆ ಹೇಳಿದ್ದಾನೆ. ಕೆಂಪು ಪೆನ್ನು ಹಿಡಿದವರು ಇದನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬೇಕು. ಒಂದು ಹಾಳೆಗೆ ಒಂದೇ ಬಗೆಯ ತಿದ್ದುಪಡಿ. ಖಂಡನೆಯ ವಾರದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಣಿಸುತ್ತ ಕೂತರೆ ಮಗು ತನಗೆ ಬರುವ ಪದಗಳಲ್ಲಷ್ಟೇ ಯೋಚಿಸಲು ಕಲಿಯುತ್ತದೆ.

ಕೊನೆಯ ಎರಡು ಪ್ರೌಢಶಾಲೆಯವರಿಗೆ. ಮದುವೆಯಾಗಬೇಕೇ ಎಂಬುದು ಅಫ್ತೋನಿಯಸನ ವಾದದ ವಿಷಯ; ಎದುರಾಳಿಯ ಆಕ್ಷೇಪಗಳನ್ನು ತಾನೇ ಎತ್ತಿ ತಾನೇ ಉತ್ತರಿಸುವುದು ಅದರ ಹೊಸ ಪಾಠ. ಕಾನೂನಿನ ಚರ್ಚೆಯಲ್ಲಿ ಕಾನೂನುಬದ್ಧವೇ, ನ್ಯಾಯವೇ, ಉಪಯುಕ್ತವೇ, ಸಾಧ್ಯವೇ ಎಂಬ ನಾಲ್ಕು ಅಂಗ. ಇದಕ್ಕೆ ಕನ್ನಡದ ಮಕ್ಕಳಿಗೆ ಅಂಗಡಿ ಫಲಕಗಳಲ್ಲಿ 60 ಪ್ರತಿಶತ ಕನ್ನಡ ಇರಬೇಕೆಂಬ ಕರ್ನಾಟಕದ 2024ರ ಕಾನೂನು ತಿದ್ದುಪಡಿಗಿಂತ ಒಳ್ಳೆಯ ವಿಷಯ ಸದ್ಯಕ್ಕೆ ಕಾಣೆ. ಪರ ಬರೆಯುವುದು ಎಲ್ಲರಿಗೂ ಸುಲಭ, ಅದಕ್ಕೇ ವಿರೋಧವನ್ನು ಮೊದಲು ಬರೆಯಿಸಿ; ಅಫ್ತೋನಿಯಸನ ಮಾದರಿಯೂ ಕಾನೂನೊಂದರ ವಿರೋಧವೇ. ಮೊದಲ ಮೂರು ಅಂಗಗಳಲ್ಲಿ ಅಭಿಮಾನದ ಮಾತು ನುಸುಳುತ್ತದೆ, ನುಸುಳಲಿ. ನಾಲ್ಕನೆಯದಕ್ಕೆ ಬೆಂಗಳೂರಿನ ಯಾವುದಾದರೂ ಅಂಗಡಿ ಬೀದಿಯ ಫೋಟೊ ಮತ್ತು ಒಂದು ಸ್ಕೇಲು ಕೊಡಿ. 60 ಎಂದರೆ ಫಲಕದ ಜಾಗವೇ, ಅಕ್ಷರದ ಎತ್ತರವೇ, ಪದಗಳ ಲೆಕ್ಕವೇ ಎಂದು ಅವರೇ ಅಳೆದು ಬರೆಯಲಿ.